ಉಪಾಧ್ಯಾಯರ ಗುರು ಡೆಪ್ಯುಟಿ ಚನ್ನಬಸಪ್ಪನವರು

ಮಕ್ಕಳಿಗೆ ಅಕ್ಷರ ಕಲಿಸಿದವರನ್ನು ನಾವು ಗುರುಗಳೆಂದು ಗೌರವಿಸುತ್ತೇವೆ. ಆ ಗುರುಗಳಿಗೆ ಕಲಿಸುವ ಬಗೆಯನ್ನು ಕಲಿಸಿದವರಾರೆಂದು ವಿಚಾರಿಸುವವರು ವಿರಳ. ಕನ್ನಡನಾಡಿನ ಉತ್ತರಭಾಗದಲ್ಲಿ ಈ ಮಹತ್ಕಾರ್ಯಕ್ಕಾಗಿ ಆಯುಷ್ಯವನ್ನು ಸವೆಸಿದ ಪ್ರಾತಃಸ್ಮರಣೀಯರಲ್ಲಿ ಧಾರವಾಡದ ಚನ್ನಬಸಪ್ಪ ಬಸಲಿಂಗಪ್ಪನವರು ಅಗ್ರಗಣ್ಯರು. ಜನರು ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆದರು. ಡೆಪ್ಯುಟಿ ಎಂಬುದು ಶಾಲಾ ತನಿಖಾಧಿಕಾರಿಯ ಹುದ್ದೆಯ ಹೆಸರು. ಹುದ್ದೆಯಿಂದ ದೊಡ್ಡವರಾದವರು ಅನೇಕರುಂಟು. ಇವರಿಂದ ಹುದ್ದೆಯೇ ದೊಡ್ಡದಾಯಿತು.

ಶ್ರೀಯುತರು 1830ರ ದಶಕದಲ್ಲಿ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಆಗ ಧಾರವಾಡ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳ್ಳಿಗಳಲ್ಲಿ ಐಗಳ ಮಠಗಳೇ ಪಾಠಶಾಲೆಗಳು. ಮರಳ ಮೇಲೆ ಬೆರಳಿನಿಂದ ತಿದ್ದಿ ಮಕ್ಕಳು ಅಕ್ಷರ ಕಲಿಯುತ್ತಿದ್ದರು. ಆದರೆ ಸರಕಾರದ ಶಾಲೆಗಳಲ್ಲಿ ಪ್ರಾಬಲ್ಯವಿದ್ದುದು ಮರಾಠಿಗೆ. ಮನೆಯಲ್ಲಿ ಕನ್ನಡವಾಡುವ ಮಗುವು ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕವಾಗಬೇಕಾಗಿತ್ತು. ಮರಾಠಿಯಾದರೂ ಸತ್ಪುರುಷರು ಬೆಳೆಸಿದ ಸುಂದರ ಭಾಷೆ. ಆ ಭಾಷೆಯಲ್ಲಿ ದೋಷವಿರಲಿಲ್ಲ. ತಾಯ್ನುಡಿಯನ್ನು ಬಿಟ್ಟು ಪಾಠ ಹೇಳುವ ಪದ್ಧತಿಯಲ್ಲಿ ದೋಷವಿತ್ತು. ಪುಣೆಗೆ ಹೋಗಿ ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿತ ಚನ್ನಬಸಪ್ಪನವರು ಆ ವಿದ್ಯೆಯ ಬಲದಿಂದಲೇ ಕನ್ನಡದ ಪಕ್ಷವನ್ನು ಹಿಡಿದರು.

1855ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿದ್ಯಾ ಇಲಾಖೆ ಸ್ಥಾಪಿತವಾಯಿತು. ಶಾಲೆಗಳನ್ನು ತೆರೆಯಲು ಸರಕಾರದ ಅಪ್ಪಣೆ ಸಾಕು. ಅವುಗಳಲ್ಲಿ ಪಾಠ ಹೇಳಬಲ್ಲವರನ್ನು ಅಪ್ಪಣೆಯಿಂದ ಪಡೆಯಲಾಗದು. ಪದ್ಯವನ್ನು ಬಾಯಿಪಾಠ ಒಪ್ಪಿಸಬಲ್ಲ ಪಂಡಿತರಿದ್ದರು, ಲೆಕ್ಕ ಬಲ್ಲವರೂ ಇದ್ದರು. ಆದರೆ ತಾನು ತಿಳಿಯುವುದು ಬೇರೆ, ಎಳೆಯ ಮನಸ್ಸಿಗೆ ತಿಳಿಯುವಂತೆ ಹೇಳುವುದು ಬೇರೆ. ಶಬ್ದರೂಪಗಳನ್ನು ನಾಲಗೆಯ ತುದಿಯಲ್ಲಿರಿಸಿಕೊಂಡು ಮೊದಲ ದಿನ ತರಗತಿಗೆ ಹೋದ ಈ ಲೇಖಕನು ಅರ್ಧಗಂಟೆಯೊಳಗೆ ಬೆವರಿ ಹೊರಬಂದುದನ್ನು ಇಂದಿಗೂ ಮರೆತಿಲ್ಲ. ಉಪಾಧ್ಯಾಯರನ್ನು ಸಿದ್ಧಪಡಿಸುವುದಕ್ಕಾಗಿ ಧಾರವಾಡದಲ್ಲಿ ನಡೆಯುತ್ತಿದ್ದ ನಾರ್ಮಲ್ ಶಾಲೆಯ ಮುಖ್ಯೋಪಾಧ್ಯಾಯತ್ವವು ಚನ್ನಬಸಪ್ಪನವರ ಪಾಲಿಗೆ ಬಂದಿತು. ಅಲ್ಲಿ ತರಬೇತಾದವರು ಊರೂರಿಗೆ ಹೋಗಿ ಕನ್ನಡದಲ್ಲಿ ಪಾಠ ಹೇಳುವಂತಾದರು.

ಮುಂದೆ ಅವರು ಡೆಪ್ಯುಟಿಯಾದರು. ತನಿಖಾಧಿಕಾರಿ ಬರುತ್ತಾನೆಂದರೆ ಉಪಾಧ್ಯಾಯನ ಎದೆ ನಡುಗುವುದು ಲೋಕರೂಢಿ. ತಪ್ಪನ್ನು ಬರೆದುಕೊಂಡು ಹೋಗುವುದು ಸುಲಭವಾದ ಅಧಿಕಾರ. ಚನ್ನಬಸಪ್ಪನವರಾದರೋ ಉಪಾಧ್ಯಾಯನ ಯೋಗ್ಯತೆಯನ್ನು ಬೆಳೆಸುವುದೇ ತಮ್ಮ ಅಧಿಕಾರದ ಸಾರ್ಥಕತೆಯೆಂದು ಬಗೆದರು. ದಕ್ಷಿಣ ವಿಭಾಗದ ವಿದ್ಯಾಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ದೊರೆತು, ಕನ್ನಡ ಶಾಲೆಗಳು ಹೆಚ್ಚತೊಡಗಿದವು.

ಶಾಲೆ ಹೆಚ್ಚಿದಾಗ ಹೊಸ ಕೊರತೆಯೊಂದು ತಲೆದೋರಿತು. ದೂರದ ಹಳ್ಳಿಯಲ್ಲಿ ಒಬ್ಬನೇ ಇರುವ ಉಪಾಧ್ಯಾಯನಿಗೆ ಜೊತೆ ಯಾರು? ಓದಲು ಪುಸ್ತಕವೆಲ್ಲಿ? ತರಬೇತಿಯ ದಿನಗಳಲ್ಲಿ ಹೊತ್ತಿಸಿದ ದೀಪಕ್ಕೆ ಎಣ್ಣೆ ಎರೆಯುವವರಿಲ್ಲದಿದ್ದರೆ ಅದು ಎಷ್ಟು ದಿನ ಉರಿದೀತು? ಈ ಕೊರತೆಯನ್ನು ನೀಗಲು 1860ರ ದಶಕದಲ್ಲಿ ಅವರ ಪ್ರಯತ್ನದಿಂದ ಉಪಾಧ್ಯಾಯರಿಗಾಗಿ ಮಠಪತ್ರಿಕೆ ಹುಟ್ಟಿತು. ಮಠವೆಂದರೆ ಶಾಲೆಯೆಂದೇ ಅಂದಿನ ಜನರ ತಿಳಿವಳಿಕೆಯಾದುದರಿಂದ ಆ ಹೆಸರು ಸಹಜವಾಗಿಯೇ ಒಪ್ಪಿತು. ಇದೇ ಪರಂಪರೆ ಮುಂದೆ ಶಾಲಾಪತ್ರಿಕೆಯೆಂದೂ ಜೀವನ ಶಿಕ್ಷಣವೆಂದೂ ಹೆಸರು ತಾಳಿತು.

ಸ್ವತಃ ಬರೆದು ತೋರಿಸದೆ ಇತರರಿಗೆ ಬರೆಯಿರೆಂದು ಹೇಳುವವರು ಅವರಲ್ಲ. ಷೇಕ್ಸ್‌ಪಿಯರ್ ಮಹಾಕವಿಯ ಹಾಸ್ಯನಾಟಕವೊಂದನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಆ ಕಾಲದ ಶಿಕ್ಷಕಸಮೂಹವೇ ಸಾಹಿತ್ಯಸಮೂಹವೂ ಆಗಿದ್ದುದನ್ನು ಗಮನಿಸಬೇಕು. ಚುರಮುರಿ ಶೇಷಗಿರಿರಾಯರು 1870ರಲ್ಲಿ ಶಾಕುಂತಲವನ್ನು ಕನ್ನಡಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡದಲ್ಲಿ ಇಳಿಸಿದರು. ವೆಂಕಟ ರಂಗೋ ಕಟ್ಟಿಯವರು ಶಾಲಾಪತ್ರಿಕೆಯನ್ನು ನಡೆಸಿದರು. ಕಲಿಯುತ್ತಿರುವ ಉಪಾಧ್ಯಾಯನೇ ಕಲಿಸಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಚನ್ನಬಸಪ್ಪನವರು 1881ರಲ್ಲಿ ಲಿಂಗೈಕ್ಯರಾದರು. ಐವತ್ತು ತುಂಬಿರಲಿಲ್ಲ. ಆದರೆ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯನ್ನು ಸ್ಥಾಪಿಸಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದು ಖ್ಯಾತರಾದ ಏಳು ಮಹನೀಯರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1956ರಲ್ಲಿ ಕನ್ನಡ ಸೀಮೆಗಳು ಒಂದಾದಾಗ ಧಾರವಾಡ, ಬೆಳಗಾವಿಗಳು ಕನ್ನಡದ ನೆಲವಾಗಿಯೇ ಉಳಿದು ಬಂದುದರಲ್ಲಿ ಆ ಹಳ್ಳಿಶಾಲೆಗಳ ಪಾಲು ಅಲ್ಪವಲ್ಲ.

ಧಾರವಾಡದ ಈ ಹಳೆಯ ಸಂಗತಿ ಬೆಂಗಳೂರಿನಲ್ಲಿರುವ ನಮಗೇಕೆಂದು ಯಾರಾದರೂ ಕೇಳಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಗೃಹಸ್ಥರು ಮಗುವನ್ನು ಶಾಲೆಗೆ ಸೇರಿಸುವಾಗ ಕಟ್ಟಡವನ್ನು ನೋಡುತ್ತಾರೆ, ಶುಲ್ಕವನ್ನು ಕೇಳುತ್ತಾರೆ, ಇಂಗ್ಲಿಷಿನ ಮಾತನ್ನು ಪರೀಕ್ಷಿಸುತ್ತಾರೆ. ಇಲ್ಲಿ ಪಾಠ ಹೇಳುವವರು ಈ ವರ್ಷ ಹೊಸದಾಗಿ ಏನನ್ನು ಓದಿದರು, ಅವರಿಗೆ ಓದಲು ಬಿಡುವುಂಟೇ, ಮುಖ್ಯೋಪಾಧ್ಯಾಯರು ಅವರ ತಪ್ಪನ್ನು ಎಣಿಸುವರೋ ತಿದ್ದಿ ಬೆಳೆಸುವರೋ ಎಂದು ಕೇಳುವವರನ್ನು ಕಾಣೆವು. ಮಗುವಿನ ಭವಿಷ್ಯವು ನಿಂತಿರುವುದು ಈ ಪ್ರಶ್ನೆಗಳ ಮೇಲೆಯೇ. ಬೋಧನೆಯನ್ನು ಕಾಯಕವೆಂದು ನಂಬಿದ ಉಪಾಧ್ಯಾಯನು ಕಲಿಕೆಯನ್ನು ನಿಲ್ಲಿಸಲಾರನು. ಅಂಥವನಿಗೆ ನೆರವಾಗುವುದು ಸಮಾಜದ ದಾಸೋಹ. ಚನ್ನಬಸಪ್ಪನವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ನಿಜವಾದ ಪೂಜೆ ಇದೇ ಸರಿ.