ಮುದ್ದಣನ ಮನೆ

ಮುದ್ದಣ ಮನೋರಮೆಯರ ಸಲ್ಲಾಪವನ್ನು ತರಗತಿಯಲ್ಲಿ ಓದುವ ದಿನ ಹುಡುಗರು ತಾವಾಗಿಯೇ ನಗುತ್ತಾರೆ. ಮೂಡುಬಿದಿರೆಯಲ್ಲಿ ಬಹುಕಾಲದಿಂದ ಈ ಪಾಠವನ್ನು ಹೇಳುತ್ತ ಬಂದಿರುವ ನನಗೆ ಆ ನಗೆ ಚಿರಪರಿಚಿತ. ಬಂಟ್ವಾಳ, ಬೆಳ್ತಂಗಡಿಗಳ ಕಡೆಯಿಂದ ದಿನವೂ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗಳಿಗೆ ಹಳಗನ್ನಡವೆಂದರೆ ಅಂಜಿಕೆ. ಗಂಡನ ಪಾಂಡಿತ್ಯವನ್ನು ಹೆಂಡತಿ ಕೆಣಕಿ ನಗುವ ಈ ಭಾಗಕ್ಕೆ ಬಂದರೆ ಆ ಅಂಜಿಕೆ ಕರಗಿಹೋಗುತ್ತದೆ. ಒಂದು ವರ್ಷ ಮಾತ್ರ, ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ಇದನ್ನು ಬರೆದಾತನು ಎಷ್ಟು ವರ್ಷ ಬಾಳಿದನೆಂದು ಕೇಳಿದಳು. ಮೂವತ್ತೊಂದು ಎಂದೆ, ಕ್ಷಯರೋಗವೆಂದೆ. ತರಗತಿಯ ನಗೆ ನಿಂತಿತು. ಆ ಮೌನಕ್ಕೆ ಅಂದು ನನ್ನಿಂದ ಉತ್ತರ ಕೊಡಲಾಗಲಿಲ್ಲ. ಇಂದು ಕೊಡಲು ಯತ್ನಿಸುತ್ತೇನೆ.

ಮುದ್ದಣನ ನಿಜನಾಮ ಲಕ್ಷ್ಮೀನಾರಣಪ್ಪ. ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ 1870ರ ಜನವರಿ 24ರಂದು ಹುಟ್ಟಿದನು. ಮನೆಯ ಬಡತನದಿಂದಾಗಿ ಓದು ಬಹುದೂರ ಸಾಗಲಿಲ್ಲ. ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾದನು. ನಡುವೆ ಕೆಲಕಾಲ ಕುಂದಾಪುರದಲ್ಲಿಯೂ ಇದ್ದನು. ಹಗಲು ಮಕ್ಕಳಿಗೆ ಮೈ ಬಲಿಸಿಕೊಳ್ಳುವುದನ್ನು ಕಲಿಸುತ್ತಿದ್ದವನು, ಬಿಡುವು ದೊರೆತಾಗ ಹಳೆಯ ಕಾವ್ಯಗಳಲ್ಲಿ ಮುಳುಗಿರುತ್ತಿದ್ದನು. ರತ್ನಾವತೀ ಕಲ್ಯಾಣ, ಕುಮಾರ ವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. 1895ರಲ್ಲಿ ಅದ್ಭುತ ರಾಮಾಯಣ, ಮರುವರ್ಷ ಶ್ರೀರಾಮ ಪಟ್ಟಾಭಿಷೇಕ, ಆ ಬಳಿಕ ಶ್ರೀರಾಮಾಶ್ವಮೇಧ ಬೆಳಕು ಕಂಡವು. ಪತ್ನಿ ಕಮಲಾಬಾಯಿ, ಮಗ ರಾಧಾಕೃಷ್ಣ. ಇಷ್ಟೇ ಅವನ ಸಂಸಾರ.

ಶರೀರವನ್ನೇ ವೃತ್ತಿಯಾಗಿ ನೆಚ್ಚಿದ್ದವನ ಶರೀರವನ್ನು ಕ್ಷಯ ಹಿಡಿಯಿತು. ಆ ರೋಗದ ಜೀವಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿಯೇ ಕಂಡುಹಿಡಿದಿದ್ದನಾದರೂ, ಅದನ್ನು ಗೆಲ್ಲಬಲ್ಲ ಮೊದಲ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ರೋಗದ ಹೆಸರು ಗೊತ್ತು, ಮದ್ದು ಮಾತ್ರ ಇಲ್ಲ ಎಂಬ ಆ ಅರುವತ್ತು ವರ್ಷಗಳ ನಡುವಿನಲ್ಲಿ ಅವನ ಬಾಳು ಸಿಕ್ಕಿಕೊಂಡಿತು. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಎಂದು ಅಂದಿನ ವೈದ್ಯರು ಹೇಳಬಹುದಾಗಿದ್ದಿತು. ಅಲ್ಪ ಸಂಬಳದ ಉಪಾಧ್ಯಾಯನಿಗೆ ಗಾಳಿಯೊಂದಲ್ಲದೆ ಉಳಿದವೆರಡೂ ದುಬಾರಿಯೇ. 1901ರ ಫೆಬ್ರವರಿಯಲ್ಲಿ ಅವನು ತೀರಿಕೊಂಡನು.

ಈಗ ರಾಮಾಶ್ವಮೇಧದ ಮೊದಲ ಪುಟಗಳನ್ನು ತೆರೆಯೋಣ. ಮಳೆಗಾಲದ ಸಂಜೆ. ಅರಮನೆಯಿಂದ ಮನೆಗೆ ಬಂದ ಕವಿಯನ್ನು ಮಡದಿ ಉಪಚರಿಸುತ್ತಾಳೆ. ಬೇಸರ ಕಳೆಯಲು ಕಥೆ ಕೇಳುತ್ತಾಳೆ. ಪದ್ಯ ಬೇಡವೆನ್ನುತ್ತಾಳೆ, ಗದ್ಯವೇ ಹೃದ್ಯವಾದುದೆಂಬುದು ಅವಳ ಮತ. ಅವನು ಸಂಸ್ಕೃತದ ಬಿರುಸಿನಲ್ಲಿ ತೊಡಗಿದರೆ, ಅರ್ಥವಾಗುವ ಕನ್ನಡದಲ್ಲಿ ಹೇಳೆಂದು ತಡೆಯುತ್ತಾಳೆ. ಹೊಸಗನ್ನಡದ ಮುಂಗೋಳಿಯೆಂದು ವಿಮರ್ಶಕರು ಅವನನ್ನು ಕರೆದಿದ್ದಾರಲ್ಲವೆ? ಆ ಕೂಗಿಗೆ ಅವನನ್ನು ಎಬ್ಬಿಸಿದವಳು ಮನೋರಮೆಯೆಂದೇ ನನಗೆ ತೋರುತ್ತದೆ.

ಕಮಲಾಬಾಯಿಯೇ ಮನೋರಮೆಯೆಂದು ನಾನು ಸಾಧಿಸಹೊರಟಿಲ್ಲ. ಕಾವ್ಯದ ಮನೆಗೂ ಬಾಡಿಗೆಯ ಮನೆಗೂ ಅಂತರವಿದ್ದೇ ಇದೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಕವಿ ತನ್ನನ್ನು ಮರೆಸಿಕೊಂಡವನು. ತನ್ನ ಕೃತಿಗಳನ್ನು ಹಳೆಯ ಕವಿಗಳ ಗ್ರಂಥಗಳೆಂಬಂತೆ ಮೈಸೂರಿನ ಕಾವ್ಯಪತ್ರಿಕೆಗೆ ಕಳುಹಿದವನು. ಬಸದಿಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ತಾಳೆಗರಿಯ ಕಟ್ಟುಗಳು ತುಂಬಿದ್ದ ನಾಡಿದು. ನಮ್ಮ ಮೂಡುಬಿದಿರೆಯ ಬಸದಿಯೇ ಧವಲಾ ಗ್ರಂಥದ ಓಲೆಗಳನ್ನು ಶತಮಾನಗಳ ಕಾಲ ಕಾಯ್ದಿತ್ತು. ಇಂಥ ನಾಡಿನಿಂದ ಇನ್ನೊಂದು ಹಳೆಯ ಗ್ರಂಥ ದೊರೆತಿತೆಂದರೆ ನಂಬದವರಾರು? ಉಪಾಧ್ಯಾಯ ಲಕ್ಷ್ಮೀನಾರಣಪ್ಪನೇ ಆ ಕವಿಯೆಂಬುದು ನಾಡಿಗೆಲ್ಲ ತಿಳಿಯುವ ಹೊತ್ತಿಗೆ ಅವನಿರಲಿಲ್ಲ.

ಹೀಗೆ ತನ್ನನ್ನು ಅಡಗಿಸಿಕೊಂಡವನು ಕಾವ್ಯದೊಳಗೆ ಉಳಿಸಿಕೊಂಡ ಹೆಸರು ಯಾವುದು? ಮುದ್ದಣ. ಅದು ಬಿರುದಲ್ಲ, ಅಂಕಿತವೂ ಅಲ್ಲ. ಎಳವೆಯಲ್ಲಿ ಮನೆಯವರು ಅಕ್ಕರೆಯಿಂದ ಕರೆದ ಹೆಸರು. ಶಾಲೆಯ ಹಾಜರಿ ಪುಸ್ತಕದ ಹೆಸರನ್ನು ಬಿಟ್ಟು ಮನೆಯ ಹೆಸರನ್ನು ಹಿಡಿದನು. ಎದೆಯ ರೋಗ ಮನೆಯನ್ನು ಮುರಿಯುತ್ತಿದ್ದಾಗ, ಬೇರೊಂದು ಮನೆಯನ್ನು ಮಾತಿನಿಂದ ಕಟ್ಟಿದನು. ಅಲ್ಲಿ ಕೆಮ್ಮಿಲ್ಲ, ಸಾಲವಿಲ್ಲ. ಹೊರಗೆ ಮಳೆ, ಒಳಗೆ ಇಬ್ಬರ ಮಾತು. ಇದನ್ನು ಸಾವಿನಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ಕೆಲವರು ಅನ್ನಬಹುದು. ನಾನು ಹಾಗೆ ತಿಳಿಯೆನು. ಹೆಂಡತಿಗೆ ಒಡವೆಯನ್ನಾಗಲಿ ಮಗನಿಗೆ ಆಸ್ತಿಯನ್ನಾಗಲಿ ಬಿಟ್ಟುಹೋಗಲಾರದ ಗೃಹಸ್ಥನೊಬ್ಬನು ತನ್ನಲ್ಲಿದ್ದ ಒಂದೇ ಸಂಪತ್ತನ್ನು, ಮನೆಯ ನಗೆಯನ್ನು, ಕೆಡದಂತೆ ಎತ್ತಿಟ್ಟನು. ಅಷ್ಟೆ.

ಈಗ ಆ ಪಾಠವನ್ನು ತೊಡಗುವ ಮೊದಲೇ ನಾನು ಕವಿಯ ಆಯುಸ್ಸನ್ನು ಹೇಳಿಬಿಡುತ್ತೇನೆ. ತರಗತಿ ಕ್ಷಣಕಾಲ ಸುಮ್ಮನಾಗುತ್ತದೆ. ಆಮೇಲೆ ಮನೋರಮೆ ಮಾತನಾಡತೊಡಗುತ್ತಾಳೆ, ಹುಡುಗರು ನಗುತ್ತಾರೆ. ನಾನು ತಡೆಯುವುದಿಲ್ಲ. ನಗಲೆಂದೇ ಅವನು ಬರೆದುದು.