ಹದಿನಾರು ವರ್ಷಗಳ ತಾಳ್ಮೆ

ದೇಹದ ಗಾಯ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಗಾಯ ಕಾಣುವುದಿಲ್ಲ. ಕಾಣದ ಆ ಗಾಯವನ್ನು ಅರಿಯಲು ತನ್ನ ಬಾಳನ್ನೇ ಮುಡಿಪಾಗಿಟ್ಟ ವೈದ್ಯನೊಬ್ಬನು ಮುಪ್ಪಿನಲ್ಲಿ ಎರಡೂ ಬಗೆಯ ಗಾಯಗಳನ್ನು ತಾನೇ ಅನುಭವಿಸಬೇಕಾಯಿತು. ಅವನೇ ಮನೋವಿಶ್ಲೇಷಣೆಯ ಜನಕನಾದ ಸಿಗ್ಮಂಡ್ ಫ್ರಾಯ್ಡ್.

ಫ್ರಾಯ್ಡನು 1856ರ ಮೇ 6ರಂದು ಮೊರೇವಿಯಾದ ಫ್ರೈಬರ್ಗ್ ಎಂಬ ಊರಿನಲ್ಲಿ ಜನಿಸಿದನು. ಆ ಊರು ಇಂದು ಚೆಕ್ ಗಣರಾಜ್ಯದಲ್ಲಿದೆ. ಅವನು ನಾಲ್ಕು ವರ್ಷದ ಬಾಲಕನಾಗಿದ್ದಾಗ ಕುಟುಂಬವು ವಿಯೆನ್ನಾ ನಗರಕ್ಕೆ ಬಂದು ನೆಲೆಸಿತು. 1881ರಲ್ಲಿ ಅವನು ವೈದ್ಯಪದವಿಯನ್ನು ಪಡೆದನು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಮನಸ್ಸಿಗೆ ತೋಚಿದ್ದನ್ನೆಲ್ಲ ಹೇಳಿಸಿ, ಸಮಾಧಾನದಿಂದ ಕೇಳುವುದೇ ಅವನ ಚಿಕಿತ್ಸಾಕ್ರಮವಾಗಿತ್ತು. ಮಾತು ಮತ್ತು ಕಿವಿ ಇವೆರಡೇ ಅವನ ಉಪಕರಣಗಳು. ಅವನ ಸಿದ್ಧಾಂತಗಳಲ್ಲಿ ಹಲವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದರೂ ಮನೋವ್ಯಥೆಗೆ ಕಿವಿಗೊಡಬೇಕೆಂಬುದನ್ನು ಜಗತ್ತಿಗೆ ಕಲಿಸಿದವರಲ್ಲಿ ಅವನು ಪ್ರಮುಖನು. 1917ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವನು ಸಹಜವಾದ ಶೋಕಕ್ಕೂ ಖಿನ್ನತೆ ಎಂಬ ರೋಗಕ್ಕೂ ಇರುವ ಭೇದವನ್ನು ವಿವರಿಸಿದ್ದನು.

ಇಂಥ ಜ್ಞಾನಿಗೂ ಒಂದು ದೌರ್ಬಲ್ಯವಿತ್ತು. ಅವನು ದಿನವೆಲ್ಲ ಚುಟ್ಟ ಸೇದುತ್ತಿದ್ದನು. 1923ರಲ್ಲಿ ಅವನ ಬಾಯಿಯೊಳಗೆ ಬಲಭಾಗದಲ್ಲಿ ಗಂಟೊಂದು ಕಾಣಿಸಿಕೊಂಡಿತು. ಏಪ್ರಿಲ್ ತಿಂಗಳಲ್ಲಿ ಅದನ್ನು ಕತ್ತರಿಸಿ ತೆಗೆದರು. ಅದು ಕ್ಯಾನ್ಸರ್ ಎಂಬ ಸತ್ಯವನ್ನು ವೈದ್ಯರು ಅವನಿಗೆ ತಿಳಿಸದೆ ಮರೆಮಾಚಿದರು. ಮುಂದೆ ಅದನ್ನು ತಿಳಿದಾಗ ಅವನು ಬಹಳ ನೊಂದುಕೊಂಡನು.

ಅದೇ ವರ್ಷದ ಜೂನ್ ತಿಂಗಳಲ್ಲಿ ಇನ್ನೊಂದು ಆಘಾತವು ಬಂದೆರಗಿತು. ತಾಯಿಯನ್ನು ಮೊದಲೇ ಕಳೆದುಕೊಂಡಿದ್ದ, ನಾಲ್ಕೂವರೆ ವರ್ಷದ ಮುದ್ದಿನ ಮೊಮ್ಮಗನು ಕ್ಷಯರೋಗದಿಂದ ತೀರಿಕೊಂಡನು. ಫ್ರಾಯ್ಡನು ಕಣ್ಣೀರಿಟ್ಟನು. ಬದುಕಿನಲ್ಲಿ ಅವನಿಗೆ ಯಾವ ಸವಿಯೂ ಉಳಿಯಲಿಲ್ಲ. ತನ್ನನ್ನು ಕವಿದಿರುವುದು ಖಿನ್ನತೆಯೇ ಇರಬೇಕೆಂದು ಅವನು ಆಪ್ತಮಿತ್ರನಿಗೆ ಪತ್ರ ಬರೆದನು. ಮನೋವೈದ್ಯನಾದ ತಾನು ಇದನ್ನು ಒಪ್ಪಿಕೊಳ್ಳಬಾರದೆಂದು ಅವನು ನಾಚಲಿಲ್ಲ.

ಅಕ್ಟೋಬರ್ ತಿಂಗಳಲ್ಲಿ ಶಸ್ತ್ರವೈದ್ಯ ಹ್ಯಾನ್ಸ್ ಪಿಖ್ಲರನು ಅವನ ಬಲಗಡೆಯ ಮೇಲ್ದವಡೆಯ ಬಹುಭಾಗವನ್ನೂ ಅಂಗುಳನ್ನೂ ತೆಗೆದುಹಾಕಿದನು. ಪ್ರಾಣವೇನೋ ಉಳಿಯಿತು. ಆದರೆ ಬಾಯಿಗೂ ಮೂಗಿಗೂ ನಡುವೆ ಇದ್ದ ತಡೆ ಇಲ್ಲದಂತಾಯಿತು. ಅದನ್ನು ಮುಚ್ಚಲು ದೊಡ್ಡದೊಂದು ಕೃತಕ ದವಡೆಯನ್ನು ಕೂರಿಸಬೇಕಾಯಿತು. ಅದನ್ನು ಹಾಕಿದರೆ ಹುಣ್ಣು, ತೆಗೆದರೆ ಮಾತು ಊಟಗಳೆರಡೂ ಅಸಾಧ್ಯ. ಇಂಪಾಗಿ ಉಪನ್ಯಾಸ ಮಾಡುತ್ತಿದ್ದವನ ಧ್ವನಿ ಮೂಗಿನಿಂದ ಹೊರಡತೊಡಗಿತು. ಪರರ ಎದುರಿಗೆ ಉಣ್ಣಲು ಅವನು ಸಂಕೋಚಪಟ್ಟನು. ಬಲಗಿವಿ ಕೇಳಿಸದಂತಾಯಿತು. ನೋವಿನ ಜೊತೆಗೆ, ಜನರ ಸಹವಾಸದಿಂದ ದೂರಮಾಡುವ ಇಂಥ ಕೊರತೆಗಳೂ ಈ ರೋಗಿಗಳ ಮನಸ್ಸನ್ನು ಕುಗ್ಗಿಸುತ್ತವೆ.

ಫ್ರಾಯ್ಡನು ಕುಗ್ಗಿದನು; ಆದರೆ ಮುರಿದುಬೀಳಲಿಲ್ಲ. 1924ರ ಜನವರಿಯಲ್ಲಿ ಅವನು ಮತ್ತೆ ರೋಗಿಗಳನ್ನು ನೋಡತೊಡಗಿದನು. ಎಡಗಿವಿಗೆ ಅವರ ಮಾತು ಕೇಳಿಸುವಂತೆ ಮಂಚವನ್ನೂ ತನ್ನ ಕುರ್ಚಿಯನ್ನೂ ಅತ್ತಿತ್ತ ಬದಲಾಯಿಸಿಕೊಂಡನು. ವಿಚಾರಶಕ್ತಿ ಮಂಕಾಗಬಾರದೆಂದು ತೀಕ್ಷ್ಣವಾದ ನೋವುನಿವಾರಕಗಳನ್ನು ಬಹುಕಾಲ ನಿರಾಕರಿಸಿದನು. ಮಗಳು ಅನ್ನಾ ಅವನ ದಾದಿಯಾದಳು. ಅವನ ಧ್ವನಿಯೂ ಆದಳು. 1930ರಲ್ಲಿ ಫ್ರಾಂಕ್‌ಫರ್ಟ್ ನಗರವು ಅವನಿಗೆ ಗಯಟೆ ಪ್ರಶಸ್ತಿಯನ್ನು ನೀಡಿದಾಗ ಅವನ ಭಾಷಣವನ್ನು ಸಭೆಯಲ್ಲಿ ಓದಿದವಳು ಅವಳೇ. ಹೊಸದಾಗಿ ಬಂದ ವೈದ್ಯ ಮ್ಯಾಕ್ಸ್ ಶೂರನಿಂದ ಅವನು ಮೊದಲ ಭೇಟಿಯಲ್ಲಿಯೇ ಒಂದು ಮಾತನ್ನು ಪಡೆದುಕೊಂಡನು: ಎಂದಿಗೂ ತನ್ನಿಂದ ಸತ್ಯವನ್ನು ಮುಚ್ಚಿಡಬಾರದು.

1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. ಯಹೂದಿಯಾಗಿದ್ದ ಫ್ರಾಯ್ಡನು ಎಂಬತ್ತೆರಡರ ಇಳಿವಯಸ್ಸಿನಲ್ಲಿ ವಿಯೆನ್ನಾವನ್ನು ತೊರೆದು ಲಂಡನ್ನನ್ನು ಸೇರಿದನು. ಅಲ್ಲಿಯೂ ಅವನ ಬರವಣಿಗೆ ನಿಲ್ಲಲಿಲ್ಲ. ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿದ ಆ ಧೀರನು 1939ರ ಸೆಪ್ಟೆಂಬರ್ 23ರಂದು ನಿಧನನಾದನು.

ಗಂಟಲು, ಬಾಯಿಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಹೆಚ್ಚೆಂಬುದನ್ನು ಇಂದಿನ ವೈದ್ಯಶಾಸ್ತ್ರವು ಅರಿತಿದೆ. ಆದ್ದರಿಂದ ಅವರ ನುಂಗುವ, ನುಡಿಯುವ ಶಕ್ತಿಗಳನ್ನು ತಿದ್ದುವುದರ ಜೊತೆಗೆ ಮನಸ್ಸಿಗೂ ಚಿಕಿತ್ಸೆ ನೀಡಬೇಕೆನ್ನುತ್ತದೆ. ಈ ಖಿನ್ನತೆಯು ಹೇಡಿತನವಲ್ಲ, ಅದೂ ಒಂದು ವ್ಯಾಧಿ. ನಿಜವನ್ನು ನುಡಿಯುವ ವೈದ್ಯ, ಬಿಡದೆ ಸೇವೆ ಮಾಡುವ ಬಂಧು, ಕೈಗೊಂದು ಕೆಲಸ ಇವು ಆ ಕತ್ತಲೆಯಲ್ಲಿ ಹಣತೆಗಳಾಗುತ್ತವೆ. ಫ್ರಾಯ್ಡನ ಬಾಳು ಇನ್ನೊಂದು ಎಚ್ಚರವನ್ನೂ ಹೇಳುತ್ತದೆ. ಮನಸ್ಸಿನ ಆಳವನ್ನು ಅಳೆದ ಅವನು ಚುಟ್ಟವನ್ನು ಬಿಡಲಾರದೆ ಹೋದನು. ತಂಬಾಕು, ಅಡಕೆಗಳ ಚಟದಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಆ ಚಟವು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೇ ವಿವೇಕ.