ಫ್ಲೆಮಿಂಗರೂ ನಮ್ಮ ಗಂಟಲು ಬೇನೆಯೂ

ಚಳಿಗಾಲ ಬಂತೆಂದರೆ ನಮ್ಮ ಮದ್ದೂರಿನ ಕಡೆ ಮಕ್ಕಳಿಗೆ ಗಂಟಲು ಬೇನೆ ತಪ್ಪಿದ್ದಲ್ಲ. ಜ್ವರ ಬರುತ್ತದೆ, ಉಗುಳು ನುಂಗಲೂ ಆಗುವುದಿಲ್ಲ. ಬಾಯಿ ತೆರೆಸಿ ನೋಡಿದರೆ ಕಿರುನಾಲಿಗೆಯ ಎರಡು ಬದಿಗಿರುವ ಟಾನ್ಸಿಲ್ ಗ್ರಂಥಿಗಳು ಕೆಂಪಗೆ ಊದಿಕೊಂಡಿರುತ್ತವೆ. ದೊಡ್ಡವರನ್ನೂ ಇದು ಬಿಡುವುದಿಲ್ಲ. ಈ ಬೇನೆಯ ಮಾತು ಬಂದಾಗ ನಾವು ನೆನೆಯಬೇಕಾದವರು ಸರ್ ಅಲೆಕ್ಸಾಂಡರ್ ಫ್ಲೆಮಿಂಗರು.

ಅವರು 1881ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಬಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಏಳರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿಗೆ ಬಂದು ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತಗಿರಿ ಮಾಡಿದರು. ಬಂಧುವೊಬ್ಬರ ಆಸ್ತಿಯ ಪಾಲು ಕೈಸೇರಿದ ಮೇಲೆ, 1901ರಲ್ಲಿ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಗಾಯಗಳು ಕೊಳೆತು ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದಾಗ, ರೋಗಾಣು ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿದ್ದವು. ಇನ್ನೊಬ್ಬರಾಗಿದ್ದರೆ ತೊಳೆದು ಬಿಡುತ್ತಿದ್ದರೇನೋ! ಅವರು ಅದರ ರಸಕ್ಕೆ ಪೆನ್ಸಿಲಿನ್ ಎಂದು ಹೆಸರಿಟ್ಟರು. ಆದರೆ ಅದನ್ನು ಶುದ್ಧಗೊಳಿಸಿ ಔಷಧಿಯಾಗಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಸಂಗಡಿಗರು. ಕೀರ್ತಿಯೆಲ್ಲ ಫ್ಲೆಮಿಂಗರಿಗೊಬ್ಬರಿಗೇ ಸಲ್ಲುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. 1941ರಲ್ಲಿ ಆಕ್ಸ್‌ಫರ್ಡಿನ ಪೊಲೀಸನೊಬ್ಬನು ಈ ಮದ್ದಿನಿಂದ ಚೇತರಿಸಿಕೊಂಡನಾದರೂ, ಮದ್ದು ಮುಗಿದುಹೋದುದರಿಂದ ತೀರಿಕೊಂಡನು.

1945ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಅಂದಿನ ಭಾಷಣದಲ್ಲಿ ಫ್ಲೆಮಿಂಗರು ಕಲ್ಪಿಸಿ ಹೇಳಿದ ಕಥೆ ಗಂಟಲು ನೋವಿನದೇ. ಒಬ್ಬಾತನು ತಾನೇ ಪೆನ್ಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ರೋಗಾಣುಗಳು ಮದ್ದಿಗೆ ಬಗ್ಗದಂತಾಗಿ ಹೆಂಡತಿಗೆ ತಗಲುತ್ತವೆ. ಆಕೆ ನ್ಯುಮೋನಿಯಾದಿಂದ ಸಾಯುತ್ತಾಳೆ. ಗಂಟಲು ಬೇನೆ ತರುವ ಸ್ಟ್ರೆಪ್ಟೊಕಾಕಸ್ ಈಗಲೂ ಪೆನ್ಸಿಲಿನ್ನಿಗೆ ಮಣಿಯುತ್ತದೆ. ಬೇರೆ ಹಲವು ರೋಗಾಣುಗಳ ವಿಷಯದಲ್ಲಿ ಮಾತ್ರ ಅವರ ಭಯ ನಿಜವಾಯಿತು.

ಗಂಟಲು ಬೇನೆ ಹೆಚ್ಚಾಗಿ ವೈರಸ್ಸಿನಿಂದ ಬರುವಂಥದು. ಅದಕ್ಕೆ ಪೆನ್ಸಿಲಿನ್ ನಾಟದು. ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಿ ವಿಶ್ರಾಂತಿ ಪಡೆದರೆ ವಾರದೊಳಗೆ ಇಳಿಯುತ್ತದೆ. ಸ್ಟ್ರೆಪ್ಟೊಕಾಕಸ್ ಇದ್ದರೆ ವೈದ್ಯರು ಸಾಮಾನ್ಯವಾಗಿ 10 ದಿನದ ಪೆನ್ಸಿಲಿನ್ ಬರೆಯುತ್ತಾರೆ. ಮೂರನೆಯ ದಿನ ನೋವು ಹೋಯಿತೆಂದು ಪಾಲಕರು ನಿಲ್ಲಿಸಬಾರದು. ಉಳಿದ ಸೋಂಕಿನಿಂದ ಮುಂದೆ ಕೀಲುವಾತದ ಜ್ವರ ಬಂದು, ಮಗುವಿನ ಹೃದಯದ ಕವಾಟಗಳೇ ಕೆಡಬಹುದು. ವರ್ಷದಲ್ಲಿ ಏಳೆಂಟು ಸಲ ಬೇನೆ ಮರುಕಳಿಸಿದರೆ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ.

ಫ್ಲೆಮಿಂಗರು 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, 1954ರಲ್ಲಿ, ಪುಣೆಯ ಬಳಿಯ ಪಿಂಪ್ರಿಯಲ್ಲಿ ನಮ್ಮ ದೇಶದ ಸರಕಾರಿ ಪೆನ್ಸಿಲಿನ್ ಕಾರ್ಖಾನೆ ಸ್ಥಾಪನೆಯಾಗಿತ್ತು.